ನಮ್ಮ ಇಷ್ಟಾನಿಷ್ಟಗಳನ್ನು ಯಾರೊಡನೆ ಹೇಳಿಕೊಳ್ಳಬೇಕು?



ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಏನಾದರೂ ಬರೆದು ಕಳುಹಿಸಬೇಕೆಂದು ಸಂಪಾದಕಿಯವರು ಕೇಳಿಕೊಂಡಿರುವರು. ಅವರ ಪತ್ರದೊಡನೆ ಒಂದು ಸಣ್ಣ ಕಾಗದವೂ ಬಂದಿತು. ಅದರಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ನಿಮಗೆ ಅತಿ ಪ್ರಿಯವಾದ ತಿಂಡಿ ಯಾವುದು? ಪ್ರಿಯವಾದ ಬಣ್ಣ ಯಾವುದು? ನೀವು ಜೋಪಾನವಾಗಿಟ್ಟುಕೊಂಡಿರುವ ನೆನಪಿನ ವಸ್ತು ಯಾವುದು? ನಿಮ್ಮನ್ನು ಕುರಿತು ಹೆಚ್ಚಿನವರಿಗೆ ತಿಳಿಯದ ಸಂಗತಿ ಒಂದನ್ನು ಹೇಳಬಹುದೇ?

ಇದನ್ನು ಓದಿ ನನಗೆ ಮೊದಲು ನಗು ಬಂದಿತು. ಎಪ್ಪತ್ತು ದಾಟಿದ ನನಗೆ ಈ ಮಕ್ಕಳಾಟವೇಕೆ ಎಂದುಕೊಂಡೆನು. ಆದರೆ ಲೇಖನಿಯನ್ನು ಕೈಗೆತ್ತಿಕೊಂಡ ಮೇಲೆ, ಆ ನಾಲ್ಕು ಪ್ರಶ್ನೆಗಳು ನಾನೆಣಿಸಿದಷ್ಟು ಹಗುರವಾದವುಗಳಲ್ಲವೆಂದು ತಿಳಿದುಬಂದಿತು. ಮಧ್ಯಾಹ್ನವೆಲ್ಲಾ ಕುಳಿತರೂ ಎರಡಕ್ಕೆ ಮಾತ್ರವೇ ಉತ್ತರ ಬರೆಯಲು ಸಾಧ್ಯವಾಯಿತು. ಆದಕಾರಣ ಆ ಉತ್ತರಗಳನ್ನು ಬರೆಯುವುದಕ್ಕೆ ಮುಂಚೆ, ಇಂಥ ಪ್ರಶ್ನೆಗಳನ್ನು ಕೇಳುವುದೂ ಅವುಗಳಿಗೆ ಉತ್ತರ ಕೊಡುವುದೂ ಒಳ್ಳೆಯದೋ ಅಲ್ಲವೋ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡಲು ಅಪ್ಪಣೆಯನ್ನು ಬೇಡುತ್ತೇನೆ.

ಈ ಆಟವು ನಮ್ಮ ಶಾಲೆಗೆ ಹೊಸದೇನೂ ಅಲ್ಲ. ನಾನು ಎಸ್.ಎಸ್.ಎಲ್.ಸಿ. ಮುಗಿಸಿದ 1968ರಲ್ಲಿ ನಮ್ಮ ತರಗತಿಯ ಪ್ರತಿಯೊಬ್ಬಳ ಚೀಲದಲ್ಲಿಯೂ ಒಂದು ಆಟೋಗ್ರಾಫ್ ಪುಸ್ತಕವಿದ್ದಿತು. ಅಂಗೈಯಷ್ಟು ಅಗಲದ ಪುಸ್ತಕ. ಗುಲಾಬಿ, ಹಳದಿ, ತಿಳಿಹಸಿರು ಬಣ್ಣದ ಹಾಳೆಗಳು. ಪರೀಕ್ಷೆಗೆ ಹದಿನೈದು ದಿನಗಳಿರುವಾಗ ಅವು ಕೈಯಿಂದ ಕೈಗೆ ಹೋಗುತ್ತಿದ್ದವು. ಒಬ್ಬಳು ಹಿತವಚನ ಬರೆದರೆ ಮತ್ತೊಬ್ಬಳು ಹೂಬಳ್ಳಿ ಬಿಡಿಸುವಳು. ಮಗುದೊಬ್ಬಳು ಹಾಳೆಯ ಮೂಲೆಯನ್ನು ಮಡಿಸಿ, ‘ಇದನ್ನು ತೆರೆಯಬಾರದು’ ಎಂದು ಮೇಲೆ ಬರೆದು, ತೆರೆದವರಿಗೆ ಒಳಗೆ ‘ಮರೆಯಬೇಡ’ ಎಂಬ ಒಂದೇ ಮಾತನ್ನು ಇಟ್ಟಿರುವಳು. ನಾನು ಇದೇ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ಕಾಲಕ್ಕೆ ಅದರ ಸ್ಥಾನವನ್ನು ‘ಸ್ಲ್ಯಾಮ್ ಬುಕ್’ ಎಂಬುದು ಹಿಡಿಯಿತು. ಅದರಲ್ಲಿ ಪ್ರಶ್ನೆಗಳು ಅಚ್ಚಾಗಿಯೇ ಇರುವವು. ಮೆಚ್ಚಿನ ಬಣ್ಣ, ಮೆಚ್ಚಿನ ನಟ, ಮೆಚ್ಚಿನ ಟೀಚರ್, ನಾಚಿಕೆಯಾದ ಸಂದರ್ಭ, ಯಾರಿಗೂ ತಿಳಿಯದ ಗುಟ್ಟು ಎಂದು ಮುಂತಾಗಿ. ಗೆಳತಿಯರು ಬಿಟ್ಟ ಸ್ಥಳಗಳನ್ನು ತುಂಬಿ ಕೊಡುವರು.

ಇದನ್ನು ಕುರಿತು ಹಿರಿಯರಲ್ಲಿ ಎರಡು ವಿಧದ ಅಭಿಪ್ರಾಯಗಳನ್ನು ನಾನು ಕೇಳಿದ್ದೇನೆ. ಮೊದಲನೆಯದು ಹಳೆಯ ಕಾಲದ್ದು. ‘ತನಗೇನು ಇಷ್ಟ, ತನಗೇನು ಬೇಡ ಎಂದು ಹೇಳಿಕೊಳ್ಳುವುದು ಹೆಣ್ಣುಮಗಳಿಗೆ ತಕ್ಕುದಲ್ಲ, ಇದು ಅಹಂಭಾವವನ್ನು ಬೆಳೆಸುವುದು, ಓದುವ ಹೊತ್ತನ್ನು ಹಾಳುಮಾಡುವುದು’ ಎಂಬುದು. ಎರಡನೆಯದು ಈಗಿನ ಕಾಲದ್ದು. ‘ಇದರಲ್ಲಿ ಅಡಗಿಸಿಡುವಂಥದೇನಿದೆ? ನಮ್ಮ ಮಗಳ ಹುಟ್ಟುಹಬ್ಬ, ಅವಳ ಶಾಲೆ, ಅವಳ ನಾಯಿಮರಿಯ ಹೆಸರು, ಎಲ್ಲವನ್ನೂ ಲೋಕವೇ ನೋಡಲಿ’ ಎಂದು ತಾಯಿತಂದೆಗಳೇ ಮೊಬೈಲಿನಲ್ಲಿ ಹಾಕಿಬಿಡುವುದು. ಈ ಎರಡೂ ಸರಿಯಲ್ಲವೆಂದು ನನ್ನ ನಮ್ರವಾದ ಎಣಿಕೆ. ತನ್ನನ್ನು ಕುರಿತು ಒಂದು ಮಾತನ್ನು ಹೇಳಿಕೊಳ್ಳುವುದು ಒಂದು ಕೊಡುಗೆ. ಕೊಡುಗೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೂ ಪ್ರಯೋಜನವಿಲ್ಲ, ಬೀದಿಯಲ್ಲಿ ಚೆಲ್ಲಿದರೂ ಪ್ರಯೋಜನವಿಲ್ಲ. ಅದನ್ನು ಪ್ರೀತಿಯಿಂದ ತೆಗೆದುಕೊಳ್ಳುವ ಒಂದು ಕೈ ಬೇಕು.

ಮೊದಲು ಹಳೆಯ ಆಕ್ಷೇಪಣೆಯನ್ನು ವಿಚಾರಿಸೋಣ. ಇದು ಬರಿಯ ಹುಡುಗಿಯರ ಹುಡುಗಾಟವೆಂಬವರು ಇದರ ಚರಿತ್ರೆಯನ್ನು ಸ್ವಲ್ಪ ನೋಡಲಿ. ಗೆಳೆಯರ ಕೈಬರಹವನ್ನು ಪುಸ್ತಕದಲ್ಲಿ ಕೂಡಿಸಿಡುವ ಪದ್ಧತಿಯು 16ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಬಳಕೆಗೆ ಬಂದಿತು. ಅದು ಲೂಥರ್, ಮೆಲಾಂಕ್ತನ್ ಮೊದಲಾದವರು ಪಾಠ ಹೇಳುತ್ತಿದ್ದ ಕಾಲ. ಊರು ಬಿಟ್ಟು ಬೇರೆ ವಿದ್ಯಾಪೀಠಕ್ಕೆ ಹೊರಡುವ ವಿದ್ಯಾರ್ಥಿಯು ಗುರುಗಳಿಂದಲೂ ಸಹಪಾಠಿಗಳಿಂದಲೂ ಒಂದೊಂದು ಪುಟವನ್ನು ಬರೆಯಿಸಿಕೊಂಡು ಹೋಗುವನು. ಲ್ಯಾಟಿನ್ ಭಾಷೆಯಲ್ಲಿ ಆ ಪುಸ್ತಕಕ್ಕೆ ‘ಆಲ್ಬಮ್ ಅಮಿಕೋರಮ್’, ಎಂದರೆ ಗೆಳೆಯರ ಪುಸ್ತಕವೆಂದು ಹೆಸರು. ಹೀಗಿರಲು, ನಮ್ಮ ಚೀಲದಲ್ಲಿದ್ದ ಗುಲಾಬಿ ಹಾಳೆಯ ಪುಸ್ತಕವು ಹುಡುಗಿಯರ ಆಟಿಕೆಯಾಗಿ ಹುಟ್ಟಿದ್ದಲ್ಲ, ಪಂಡಿತರ ಸಂತಾನವೇ ಆಗಿದೆ.

ಪ್ರಶ್ನೆಗಳಿಗೆ ಉತ್ತರ ಬರೆಯುವ ಆಟವಾದರೋ 19ನೆಯ ಶತಮಾನದ ಇಂಗ್ಲೆಂಡಿನ ಮನೆಗಳಲ್ಲಿ ಬಹಳ ಪ್ರಚಾರದಲ್ಲಿದ್ದಿತು. ಅದನ್ನು ದೊಡ್ಡವರು ಸಹ ಆಡುತ್ತಿದ್ದರು. 1865ರಲ್ಲಿ ಲಂಡನ್ ಪಟ್ಟಣದಲ್ಲಿದ್ದ ಕಾರ್ಲ್ ಮಾರ್ಕ್ಸನು ಮಗಳ ಆಟಕ್ಕಾಗಿ ಇಂಥ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುವನು. ಪ್ರಿಯವಾದ ಬಣ್ಣ ಕೆಂಪು, ಪ್ರಿಯವಾದ ಊಟ ಮೀನು, ಪ್ರಿಯವಾದ ಕೆಲಸ ಪುಸ್ತಕಗಳಲ್ಲಿ ಮುಳುಗಿರುವುದು ಎಂಬುದು ಅವನ ಉತ್ತರ. ಆತನ ಮತವನ್ನು ಒಪ್ಪುವವರೂ ಒಪ್ಪದವರೂ ಲೋಕದಲ್ಲಿ ಎಷ್ಟೋ ಮಂದಿ ಇರುವರು. ಆದರೆ ಮಗಳು ಕೇಳಿದಳೆಂದು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ತನಗೆ ಮೀನು ಇಷ್ಟವೆಂದು ಬರೆದುಕೊಟ್ಟ ತಂದೆಯನ್ನು ಎಲ್ಲರೂ ಒಪ್ಪಬಹುದು.

ಫ್ರಾನ್ಸ್ ದೇಶದ ಕಥೆಯು ಇನ್ನೂ ಸ್ವಾರಸ್ಯವಾದದ್ದು. 1886ರ ಸುಮಾರಿಗೆ ಪ್ಯಾರಿಸ್ ಪಟ್ಟಣದಲ್ಲಿ ಆಂತ್ವಾನೆತ್ ಫೋರ್ ಎಂಬ ಹುಡುಗಿಯೊಬ್ಬಳಿದ್ದಳು. ಆಕೆಯ ತಂದೆ ಮುಂದೆ 1895ರಲ್ಲಿ ಆ ದೇಶದ ರಾಷ್ಟ್ರಾಧ್ಯಕ್ಷನಾದನು. ಆಕೆಯ ಬಳಿ ಇಂಗ್ಲಿಷ್ ಪ್ರಶ್ನೆಗಳು ಅಚ್ಚಾಗಿದ್ದ ಒಂದು ಆಲ್ಬಮ್ ಇದ್ದಿತು. ಗೆಳೆಯರಿಂದ ಅದನ್ನು ತುಂಬಿಸಿಕೊಳ್ಳುವಾಗ, ಹದಿನಾಲ್ಕು ಹದಿನೈದು ವಯಸ್ಸಿನ ಮಾರ್ಸೆಲ್ ಪ್ರೂಸ್ತ್ ಎಂಬ ಹುಡುಗನಿಗೂ ಅದನ್ನು ಕೊಟ್ಟಳು. ಆ ಹುಡುಗನೇ ಮುಂದೆ ಫ್ರೆಂಚ್ ಭಾಷೆಯ ಮಹಾ ಕಾದಂಬರಿಕಾರನಾದನು. ಅವನು 1922ರಲ್ಲಿ ತೀರಿಕೊಂಡನು. 1924ರಲ್ಲಿ ಆಂತ್ವಾನೆತಳ ಮಗನು ತಾಯಿಯ ಹಳೆಯ ಆಲ್ಬಮಿನಲ್ಲಿದ್ದ ಆ ಪುಟವನ್ನು ಪ್ರಕಟಿಸಿದನು. 2003ರಲ್ಲಿ ಅದು ಹರಾಜಿನಲ್ಲಿ 1,02,000 ಯೂರೋಗಳಿಗೆ ಮಾರಿಹೋಯಿತು. ಇಂದು ಲೋಕವೆಲ್ಲಾ ಆ ಪ್ರಶ್ನಾವಳಿಯನ್ನು ಪ್ರೂಸ್ತನ ಹೆಸರಿನಿಂದಲೇ ಕರೆಯುತ್ತದೆ. ಪ್ರಶ್ನೆಗಳನ್ನು ಮಾಡಿದವನು ಅವನಲ್ಲ. ಕೇಳಿದವಳು ಒಬ್ಬ ಹುಡುಗಿ, ಅವನು ಉತ್ತರ ಕೊಟ್ಟನು, ಅಷ್ಟೇ. ಲೋಕಕ್ಕೆ ಅವನು ಯಾರೆಂದು ತಿಳಿಯುವುದಕ್ಕೆ ಎಷ್ಟೋ ವರ್ಷಗಳ ಮುಂಚೆಯೇ ಆ ಹುಡುಗಿಯು ಅವನನ್ನು ಕೇಳಿದ್ದಳು, ಅವನು ಬರೆದುದನ್ನು ಜೋಪಾನವಾಗಿಟ್ಟಿದ್ದಳು. ನಮ್ಮಲ್ಲಿ ಎಷ್ಟು ಮಂದಿ ಪಕ್ಕದ ಬೆಂಚಿನವಳನ್ನು ಹೀಗೆ ಕೇಳಿದ್ದೇವೆ?

ಇದು ಬರಿಯ ಉಪದೇಶವೆಂದು ನೀವು ಭಾವಿಸದಂತೆ, ನನ್ನದೇ ಆದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

1996ನೆಯ ಇಸವಿಯ ಮಳೆಗಾಲ. ನಾನು ಒಂಬತ್ತನೆಯ ತರಗತಿಗೆ ಗಣಿತವನ್ನು ಹೇಳುತ್ತಿದ್ದೆನು. ಆ ತರಗತಿಯಲ್ಲಿ ಬೋರ್ಡಿಂಗಿನ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವಳು. ಮಾತು ಬಹಳ ಕಡಿಮೆ. ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ತಪ್ಪಾಗಿಯೇ ನಕಲು ಮಾಡುವಳು. 3 ಇದ್ದಲ್ಲಿ 8, 7 ಇದ್ದಲ್ಲಿ 1. ಅಜಾಗರೂಕತೆಯೆಂದು ನಾನು ಒಂದು ವರ್ಷವಿಡೀ ಅವಳನ್ನು ಗದರಿಸಿದೆನು. ಎರಡು ಸಾರಿ ತರಗತಿಯ ಹೊರಗೆ ನಿಲ್ಲಿಸಿದೆನು. ಅವಳು ಒಮ್ಮೆಯಾದರೂ ಎದುರು ಮಾತನಾಡಲಿಲ್ಲ.

ಒಂದು ದಿನ ಪಾಠದ ನಡುವೆ ಮೇಜಿನ ಕೆಳಗೆ ಸ್ಲ್ಯಾಮ್ ಬುಕ್ಕೊಂದು ಕೈಯಿಂದ ಕೈಗೆ ಹೋಗುತ್ತಿರುವುದನ್ನು ಕಂಡು, ಕೋಪದಿಂದ ಅದನ್ನು ಕಿತ್ತುಕೊಂಡು ಮನೆಗೆ ಒಯ್ದೆನು. ಇನ್ನೊಬ್ಬರ ಪುಸ್ತಕವನ್ನು ತೆರೆಯುವುದು ತಪ್ಪೆಂದು ತಿಳಿದಿದ್ದರೂ ರಾತ್ರಿ ದೀಪದ ಮುಂದೆ ಅದನ್ನು ತೆರೆದು ಓದಿದೆನು. ನಗುತ್ತಾ ನಗುತ್ತಾ ಓದುತ್ತಿದ್ದಾಗ ಆ ಹುಡುಗಿಯ ಪುಟವು ಬಂದಿತು. ಮೆಚ್ಚಿನ ಹೂವು ಅಬ್ಬಲಿಗೆ ಎಂದು ಬರೆದಿದ್ದಳು. ಮೆಚ್ಚಿನ ಟೀಚರ್ ಎಂಬಲ್ಲಿ, ನಾನು ಎಂದೂ ಊಹಿಸಲಾರದಂತೆ, ನನ್ನ ಹೆಸರಿದ್ದಿತು. ಯಾರಿಗೂ ತಿಳಿಯದ ಗುಟ್ಟು ಎಂಬಲ್ಲಿ, ‘ನನಗೆ ಬೋರ್ಡು ಕಾಣಿಸುವುದಿಲ್ಲ. ಹೇಳಿದರೆ ಕನ್ನಡಕ ತರಬೇಕಾಗುತ್ತದೆ. ಮನೆಯಲ್ಲಿ ಹಣವಿಲ್ಲ’ ಎಂದಿದ್ದಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಬೆಳಗ್ಗೆ ಅವಳನ್ನು ಸ್ಟಾಫ್ ರೂಮಿಗೆ ಕರೆದು, ‘ಮಗಾ, ನನಗೇಕೆ ಹೇಳಲಿಲ್ಲ?’ ಎಂದು ಕೇಳಿದೆನು. ಅವಳು ಕಾಲಿನ ಹೆಬ್ಬೆರಳನ್ನು ನೋಡುತ್ತಾ, ‘ನೀವು ಕೇಳಲಿಲ್ಲ, ಟೀಚರ್’ ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದಳು. ಆ ಶನಿವಾರವೇ ಅವಳನ್ನು ಕಣ್ಣಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದ್ದಾಯಿತು. ಪುಸ್ತಕವನ್ನು ಅದರ ಒಡತಿಗೆ ಹಿಂದಿರುಗಿಸಿ, ಓದಿದ್ದಕ್ಕಾಗಿ ತರಗತಿಯ ಎದುರಿನಲ್ಲಿಯೇ ಕ್ಷಮೆ ಕೇಳಿದೆನು. ಆದರೆ ಗದರಿಸಿದ ಆ ಒಂದು ವರ್ಷವನ್ನು ಹಿಂದಕ್ಕೆ ತರುವುದು ಹೇಗೆ? ಒಂದು ಮಗುವು ಉಪಾಧ್ಯಾಯಿನಿಗೆ ಹೇಳಲಾರದ್ದನ್ನು ಗೆಳತಿಯ ಪುಸ್ತಕದ ಒಂದು ಗೆರೆಯಲ್ಲಿ ಬರೆಯಬಲ್ಲದು. ಯಾತಕ್ಕಂದರೆ ಆ ಪುಸ್ತಕವು ಅವಳನ್ನು ಕೇಳಿತು, ನಾನು ಕೇಳಲಿಲ್ಲ.

ಅಂದಿನಿಂದ ನಾನು ನಿವೃತ್ತಳಾಗುವ ವರೆಗೆ ಪ್ರತಿ ಜೂನ್ ತಿಂಗಳ ಮೊದಲನೆಯ ವಾರದಲ್ಲಿ ಒಂದು ತುಂಡು ಕಾಗದವನ್ನು ಎಲ್ಲರಿಗೂ ಕೊಟ್ಟು, ‘ನಿಮ್ಮನ್ನು ಕುರಿತು ನನಗೆ ತಿಳಿಯದ ಒಂದು ಸಂಗತಿಯನ್ನು ಬರೆಯಿರಿ, ನಾನೊಬ್ಬಳೇ ಓದುವೆನು, ಓದಿ ಹರಿದುಹಾಕುವೆನು’ ಎಂದು ಹೇಳುತ್ತಿದ್ದೆನು. ಆ ಮಾತಿಗೆ ನಾನು ಎಂದೂ ತಪ್ಪಲಿಲ್ಲ. ಬರೆದವುಗಳಲ್ಲಿ ಹೆಚ್ಚಿನವು ಬೆಕ್ಕಿನ ಮರಿ, ತಮ್ಮನ ಜಗಳ, ಹಲ್ಲಿಯ ಹೆದರಿಕೆ ಇಂಥವೇ ಆಗಿದ್ದವು. ಆದರೆ ಪ್ರತಿ ವರ್ಷವೂ ಒಂದೋ ಎರಡೋ ಕಾಗದಗಳು, ಉಪಾಧ್ಯಾಯಿನಿಯಾದವಳು ತಿಳಿಯಲೇಬೇಕಾದವುಗಳಾಗಿದ್ದವು.

ಹೇಳಿಕೊಳ್ಳುವುದಕ್ಕೆ ಕೇಳುವವರೊಬ್ಬರು ಬೇಕೆಂಬುದಕ್ಕೆ ಲೋಕವೆಲ್ಲಾ ಬಲ್ಲ ಒಂದು ಸಾಕ್ಷಿಯುಂಟು. 1942ರ ಜೂನ್ 12ರಂದು ಆಮ್ಸ್ಟರ್ಡಾಮ್ ಪಟ್ಟಣದಲ್ಲಿ ಆನ್ ಫ್ರಾಂಕ್ ಎಂಬ ಯೆಹೂದಿ ಹುಡುಗಿಗೆ ಹದಿಮೂರು ತುಂಬಿದಾಗ, ಕೆಂಪು ಬಿಳಿ ಚೌಕಳಿಯ ರಟ್ಟಿನ ಪುಸ್ತಕವೊಂದು ಕಾಣಿಕೆಯಾಗಿ ಬಂದಿತು. ಅದು ದಿನಚರಿಗಾಗಿ ಮಾಡಿದ ಪುಸ್ತಕವಲ್ಲ, ನಮ್ಮದರಂತೆಯೇ ಒಂದು ಆಟೋಗ್ರಾಫ್ ಪುಸ್ತಕ. ಗೆಳತಿಯರಿಂದ ತುಂಬಿಸಬೇಕಾದ ಆ ಹಾಳೆಗಳನ್ನು ಆಕೆಯು ತಾನೇ ತುಂಬಿದಳು. ಮುಂದಿನ ತಿಂಗಳಲ್ಲಿಯೇ ಆ ಕುಟುಂಬವು ಶತ್ರುಗಳ ಭಯದಿಂದ ಅಡಗಿಕೊಳ್ಳಬೇಕಾಯಿತು. ಅಡಗಿದ್ದ ಸ್ಥಳದಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಗೆಳತಿಯರಿಲ್ಲದೆ, ಆಕೆಯು ‘ಕಿಟ್ಟಿ’ ಎಂಬ ಗೆಳತಿಯನ್ನು ಕಲ್ಪಿಸಿಕೊಂಡು ಅವಳಿಗೆ ಕಾಗದ ಬರೆಯುವಂತೆ ಬರೆದಳು. ಆನ್ 1945ರಲ್ಲಿ ಸೆರೆಶಿಬಿರದಲ್ಲಿ ತೀರಿಕೊಂಡಳು. 1947ರಲ್ಲಿ ಆ ಬರಹವು ಪುಸ್ತಕವಾಗಿ ಹೊರಬಂದಿತು. ಓದುವವರೇ ಇಲ್ಲದ ಕಾಲದಲ್ಲಿಯೂ ಒಬ್ಬ ಬಾಲಿಕೆಗೆ ಓದುವವಳೊಬ್ಬಳು ಬೇಕಾಗಿದ್ದಳು. ‘ಎಲ್ಲರಿಗೂ’ ಎಂದು ಬರೆಯದೆ ‘ಕಿಟ್ಟಿಗೆ’ ಎಂದು ಬರೆದುದರಿಂದಲೇ ಆಕೆಯ ಮಾತು ಅಷ್ಟು ಸತ್ಯವಾಯಿತೆಂದು ನಾನು ನಂಬಿದ್ದೇನೆ.

ಇನ್ನು ಎರಡನೆಯ ಅಭಿಪ್ರಾಯಕ್ಕೆ ಬರುತ್ತೇನೆ. ಎಲ್ಲವನ್ನೂ ಎಲ್ಲರಿಗೂ ಹೇಳಿದರೆ ಬರುವ ನಷ್ಟವೇನು ಎಂದು ತಾಯಿತಂದೆಗಳು ಕೇಳಬಹುದು.

ನಷ್ಟವುಂಟು. ಗೆಳತಿಯ ಪುಸ್ತಕವನ್ನು ತೆರೆಯುವ ಕೈಗಳು ಯಾವುವೆಂದು ನಮಗೆ ತಿಳಿದಿದ್ದಿತು. ಮೊಬೈಲಿನಲ್ಲಿ ಬರೆದುದನ್ನು ಯಾರು ಓದುವರೆಂದು ಬರೆದವರಿಗೇ ತಿಳಿಯದು. ‘ನಿಮ್ಮ ಮೆಚ್ಚಿನ ಬಣ್ಣವನ್ನು ಹೇಳಿರಿ, ನಿಮ್ಮ ಸ್ವಭಾವವನ್ನು ನಾವು ಹೇಳುತ್ತೇವೆ’ ಎಂಬ ಆಟಗಳು ಅಲ್ಲಿ ಹೇರಳವಾಗಿವೆ. ನೋಡಲು ಅವು ನಮ್ಮ ಸ್ಲ್ಯಾಮ್ ಬುಕ್ಕಿನಂತೆಯೇ ಇರುವವು. 2018ರಲ್ಲಿ ಬೆಳಕಿಗೆ ಬಂದ ಕೇಂಬ್ರಿಜ್ ಅನಾಲಿಟಿಕಾ ಎಂಬ ಕಂಪೆನಿಯ ಪ್ರಕರಣವನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಸ್ವಭಾವವನ್ನು ಪರೀಕ್ಷಿಸುವ ಒಂದು ಪ್ರಶ್ನಾವಳಿಯನ್ನು ಫೇಸ್‌ಬುಕ್ಕಿನ ಮೂಲಕ ಜನರ ಮುಂದಿಟ್ಟು, ಉತ್ತರ ಕೊಟ್ಟವರ ವಿವರಗಳನ್ನು ಮಾತ್ರವಲ್ಲದೆ ಅವರ ಗೆಳೆಯರ ವಿವರಗಳನ್ನೂ ಕೂಡಿಸಿಕೊಂಡು, ಅವನ್ನು ಚುನಾವಣೆಯ ಪ್ರಚಾರಕ್ಕೆ ಬಳಸುವವರ ಕೈಗೆ ಕೊಟ್ಟರು. ಫೇಸ್‌ಬುಕ್ ಕಂಪೆನಿಯು ತಾನೇ ಕೊಟ್ಟ ಲೆಕ್ಕದ ಪ್ರಕಾರ, ನಮ್ಮ ದೇಶದಲ್ಲಿ ಆ ಪ್ರಶ್ನಾವಳಿಯನ್ನು ತೆರೆದವರು ಕೇವಲ 335 ಮಂದಿ. ಅವರಿಂದಾಗಿ ವಿವರಗಳು ಹೊರಗೆ ಹೋಗಿರಬಹುದಾದವರು 5,62,000ಕ್ಕಿಂತಲೂ ಹೆಚ್ಚು ಮಂದಿ. ಪ್ರಿಯ ವಾಚಕಿಯರೇ, ಈ ಎರಡು ಸಂಖ್ಯೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ. ನಾನು ನನ್ನ ವಿಷಯವನ್ನು ಮಾತ್ರ ಹೇಳಿದೆನೆಂದು ನಂಬಿದವರು, ತಮ್ಮ ತಂಗಿಯ, ಸ್ನೇಹಿತೆಯ, ನೆರೆಯವರ ಬಾಗಿಲನ್ನೂ ತೆರೆದುಕೊಟ್ಟಿದ್ದರು.

ಮತ್ತೊಂದು ಸಂಗತಿ. ಬ್ಯಾಂಕಿನವರಾಗಲಿ ಅಂಚೆಯ ಬದಲು ಬಂದಿರುವ ಇ-ಮೇಲಿನವರಾಗಲಿ, ಗುಪ್ತಪದವನ್ನು ಮರೆತವರನ್ನು ಗುರುತಿಸಲು ಕೆಲವು ಪ್ರಶ್ನೆಗಳನ್ನು ಕೇಳುವ ಪದ್ಧತಿಯುಂಟು. ನಿಮ್ಮ ಮೊದಲನೆಯ ಶಾಲೆ ಯಾವುದು? ಮೆಚ್ಚಿನ ಉಪಾಧ್ಯಾಯರು ಯಾರು? ಸಾಕಿದ ಪ್ರಾಣಿಯ ಹೆಸರೇನು? ಇವು ಸ್ಲ್ಯಾಮ್ ಬುಕ್ಕಿನ ಪ್ರಶ್ನೆಗಳೇ ಅಲ್ಲವೇ? 2008ರಲ್ಲಿ ಅಮೆರಿಕಾದ ಉಪಾಧ್ಯಕ್ಷ ಪದವಿಗೆ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಇ-ಮೇಲನ್ನು ಒಬ್ಬ ಕಾಲೇಜು ವಿದ್ಯಾರ್ಥಿಯು ಹೀಗೆಯೇ ತೆರೆದುಬಿಟ್ಟನು. ಆಕೆಯ ಜನ್ಮದಿನಾಂಕವೂ ಊರಿನ ಅಂಚೆ ಸಂಖ್ಯೆಯೂ ಎಲ್ಲರಿಗೂ ತಿಳಿದಿದ್ದವು. ಪತಿಯನ್ನು ಮೊದಲು ಎಲ್ಲಿ ಕಂಡಿರಿ ಎಂಬ ಪ್ರಶ್ನೆಗೆ ಅವರ ಹೈಸ್ಕೂಲಿನ ಹೆಸರೇ ಉತ್ತರವಾಗಿದ್ದಿತು. ಮುಚ್ಚುವಂಥದೇನೂ ಇಲ್ಲವೆಂದು ನಾವು ತಿಳಿದ ಶಾಲೆಯ ಹೆಸರು ಸಹ ಕಳ್ಳನ ಕೈಯಲ್ಲಿ ಬೀಗದ ಕೈಯಾಗಬಲ್ಲದು.

ನಮ್ಮ ದೇಶದಲ್ಲಿ 2023ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ತಾಯಿತಂದೆಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಕಾನೂನು ಒಳ್ಳೆಯದೇ. ಆದರೆ ತಾಯಿತಂದೆಗಳೇ ಮಗಳ ಪುಟಗಳನ್ನು ಕಿತ್ತು ಸಂತೆಯಲ್ಲಿ ಹರಡಿದರೆ ಕಾನೂನು ಏನು ಮಾಡೀತು? ಮಗಳ ಚಿತ್ರವನ್ನೋ ಅವಳ ತಮಾಷೆಯ ಮಾತನ್ನೋ ಹೊರಗೆ ಕಳುಹಿಸುವ ಮೊದಲು, ಅವಳು ಎಷ್ಟೇ ಚಿಕ್ಕವಳಾಗಿರಲಿ, ‘ಇದನ್ನು ಹೇಳಬಹುದೇ?’ ಎಂದು ಅವಳನ್ನು ಕೇಳುವ ರೂಢಿಯು ನಮ್ಮ ಮನೆಗಳಲ್ಲಿ ಬರಬೇಕು. ಹಾಗೆ ಕೇಳಿಸಿಕೊಂಡು ಬೆಳೆದ ಹುಡುಗಿಯು ತನ್ನ ವಿಷಯವನ್ನು ತಾನೂ ಜೋಪಾನವಾಗಿಟ್ಟುಕೊಳ್ಳುವಳು, ಇತರರ ವಿಷಯವನ್ನೂ ಜೋಪಾನಮಾಡುವಳು.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಲೋಕಕ್ಕೆ ಅತಿಯಾಗಿ ಹೇಳುತ್ತಿರುವ ನಾವು, ಮನೆಯೊಳಗೆ ಬಹಳ ಕಡಿಮೆ ಹೇಳುತ್ತಿದ್ದೇವೆಂಬುದೇ ನನ್ನ ನಿಜವಾದ ದೂರು. ಇದನ್ನು ನಾನು ನನ್ನ ತಾಯಿಯವರ ಮೂಲಕ ಕಲಿತೆನು.

ಅವರೂ 1930ರ ದಶಕದಲ್ಲಿ ಇದೇ ಶಾಲೆಯಲ್ಲಿ ಮೂರನೆಯ ಫಾರಮಿನ ವರೆಗೆ ಓದಿದವರು. ಆರು ಮಕ್ಕಳನ್ನು ಸಾಕಿದರು. ಯಾರಿಗೆ ನೀರುದೋಸೆ ಬೇಕು, ಯಾರಿಗೆ ಗಂಜಿಯ ಜೊತೆ ಮಾವಿನ ಮಿಡಿ ಬೇಕು, ಯಾರು ಬೆಲ್ಲ ಮುಟ್ಟುವುದಿಲ್ಲ, ಎಲ್ಲವೂ ಅವರಿಗೆ ಬಾಯಿಪಾಠವಾಗಿದ್ದಿತು. ‘ಅಮ್ಮಾ, ನಿಮಗೇನು ಇಷ್ಟ?’ ಎಂದು ಯಾರಾದರೂ ಕೇಳಿದರೆ, ‘ನೀವು ಉಂಡರೆ ನನಗೆ ಸಾಕು’ ಎಂದುಬಿಡುವರು. ನಾವೂ ಅದನ್ನೇ ಉತ್ತರವೆಂದು ನಂಬಿ ಎರಡನೆಯ ಸಾರಿ ಕೇಳಲಿಲ್ಲ.

2004ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಒಂದು ತಗಡಿನ ಡಬ್ಬಿಯು ಸಿಕ್ಕಿತು. ಅದರಲ್ಲಿ ಕೈಯಗಲದ ಬಿಳಿಯ ಬಟ್ಟೆ. ಅದರ ಮೇಲೆ ನೀಲಿ ದಾರದ ಅಡ್ಡಹೊಲಿಗೆಯಲ್ಲಿ ಒಂದು ಹಕ್ಕಿಯೂ ಕೆಳಗೆ ಎರಡು ಅಕ್ಷರಗಳೂ ಇದ್ದವು. ಆ ಅಕ್ಷರಗಳು ಅವರ ಹೆಸರಿನವಲ್ಲ, ನಮ್ಮ ತಂದೆಯವರ ಹೆಸರಿನವೂ ಅಲ್ಲ, ನಮ್ಮ ಬಂಧುಗಳಲ್ಲಿ ಯಾರ ಹೆಸರಿನವೂ ಅಲ್ಲ. ಶಾಲೆಯ ಹೊಲಿಗೆ ತರಗತಿಯಲ್ಲಿ ಮಾಡಿದ್ದಾಗಿರಬೇಕು. ಒಬ್ಬ ಗೆಳತಿಯು ಕೊಟ್ಟಿದ್ದೋ? ಆ ಗೆಳತಿ ಯಾರು? ಬೇಗನೆ ತೀರಿಕೊಂಡಳೋ, ದೂರದ ಊರಿಗೆ ಹೋದಳೋ? ಎಪ್ಪತ್ತು ವರ್ಷ ಕಾಲ ಒಂದು ತುಂಡು ಬಟ್ಟೆಯನ್ನು ಹುಳ ಮುಟ್ಟದಂತೆ ಕಾಪಾಡಿದ ಆ ಪ್ರೀತಿಯ ಕಥೆ ಏನು? ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಆ ಬಟ್ಟೆಯು ನನ್ನಲ್ಲಿದೆ. ವಸ್ತುವನ್ನು ನಾವು ಬಾಧ್ಯತೆಯಾಗಿ ಪಡೆದೆವು, ಅದರ ಮಾತನ್ನು ಪಡೆಯಲಿಲ್ಲ. ನನ್ನ ತಾಯಿಯವರು ಒಂದಾನೊಂದು ಕಾಲದಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿದ್ದರು, ಅವರಿಗೂ ಒಬ್ಬ ಪ್ರಾಣಸಖಿ ಇದ್ದಳು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಯಾವ ಸಣ್ಣ ಪ್ರಶ್ನೆಗಳನ್ನು ನಾವು ಮಕ್ಕಳಾಟವೆನ್ನುವೆವೋ, ಅವನ್ನು ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಕೇಳಿದ್ದರೆ ಸಾಕಾಗಿತ್ತು.

ಆದಕಾರಣ ನನ್ನ ವಿಜ್ಞಾಪನೆಯು ಮೂರು ಭಾಗವಾಗಿದೆ.

ಈಗ ಓದುತ್ತಿರುವ ಮಕ್ಕಳಿಗೆ: ಕಾಗದದ ಪುಸ್ತಕವನ್ನು ಬಿಡಬೇಡಿರಿ. ಗೆಳತಿಯರ ಪುಟಗಳನ್ನು ತುಂಬಿಸಿಕೊಳ್ಳಿರಿ, ಅವನ್ನು ಇತರರಿಗೆ ತೋರಿಸಿ ನಗಬೇಡಿರಿ. ಒಬ್ಬಳು ನಿಮ್ಮ ಪುಸ್ತಕದಲ್ಲಿ ಬರೆದುದು ನಿಮ್ಮ ಕೈಗೆ ಒಪ್ಪಿಸಿದ ಒಡವೆ. ತರಗತಿಯಲ್ಲಿ ಯಾರ ಪುಸ್ತಕವೂ ಹೋಗಿ ಮುಟ್ಟದ ಒಬ್ಬಳು ಇದ್ದೇ ಇರುವಳು. ಅವಳಿಗೆ ಮೊದಲು ಕೊಡಿರಿ. ಹೆಸರು ತಿಳಿಯದವರು ಮೊಬೈಲಿನಲ್ಲಿ ಅದೇ ಪ್ರಶ್ನೆಗಳನ್ನು ಕೇಳಿದರೆ, ಉತ್ತರ ಕೊಡದಿರುವುದು ಅಸಭ್ಯತೆಯಲ್ಲವೆಂದು ತಿಳಿಯಿರಿ.

ತಾಯಿತಂದೆಗಳಿಗೆ: ಮಗಳ ಪುಸ್ತಕವನ್ನು ಕದ್ದು ಓದಬೇಡಿರಿ. ನಾನು ಓದಿದ್ದರಿಂದ ಒಳ್ಳೆಯದಾಯಿತೆಂಬುದು ನಿಜ. ಆದರೂ ಮುಂಚಿತವಾಗಿ ಕೇಳಿದ್ದರೆ ಕದಿಯುವ ಅಗತ್ಯವೇ ಬರುತ್ತಿರಲಿಲ್ಲ. ಮಗಳನ್ನು ಕೇಳಿರಿ, ಹಾಗೆಯೇ ನಿಮ್ಮ ವಿಷಯವನ್ನೂ ಅವಳಿಗೆ ಹೇಳಿರಿ. ತಾಯಿಗೂ ಒಂದು ಬಣ್ಣ, ಒಂದು ತಿಂಡಿ, ಒಂದು ಆಸೆ ಇಷ್ಟವಾಗಿರಬಹುದೆಂದು ತಿಳಿದ ಮಗಳು, ತನಗೂ ಇಷ್ಟಾನಿಷ್ಟಗಳಿರುವುದು ಪಾಪವಲ್ಲವೆಂದು ಕಲಿಯುವಳು.

ನನ್ನ ಹಳೆಯ ಸಹಪಾಠಿನಿಯರಿಗೆ: ನಿಮ್ಮ ಪೆಟ್ಟಿಗೆಗಳನ್ನು ಒಮ್ಮೆ ತೆರೆಯಿರಿ. ಪುಸ್ತಕದ ನಡುವೆ ಒಣಗಿದ ಹೂವು, ಮರಿ ಹಾಕೀತೆಂದು ಇಟ್ಟ ನವಿಲುಗರಿ, ಬಹುಮಾನದ ಸಣ್ಣ ಬಟ್ಟಲು, ಸಾಲಾಗಿ ನಿಂತು ತೆಗೆಯಿಸಿಕೊಂಡ ತರಗತಿಯ ಚಿತ್ರಪಟ, ಏನಿದ್ದರೂ ಅದರ ಜೊತೆಗೆ ಒಂದು ಚೀಟಿ ಬರೆದಿಡಿರಿ. ಚಿತ್ರಪಟದ ಹಿಂದೆ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆಯಿರಿ, ಇಸವಿಯನ್ನೂ ಬರೆಯಿರಿ. ಯಾರು ಕೊಟ್ಟರು, ಏಕೆ ಇಟ್ಟುಕೊಂಡಿರಿ ಎಂಬ ಎರಡು ಸಾಲುಗಳು ಸಾಕು. ಅದಿಲ್ಲದಿದ್ದರೆ ನಿಮ್ಮ ನಿಧಿಯು ಮೊಮ್ಮಕ್ಕಳಿಗೆ ಕಸವಾಗಿ ಕಾಣುವುದು. ಆಗ ಅವರನ್ನು ದೂಷಿಸಿ ಫಲವಿಲ್ಲ.

ಇತರರಿಗೆ ಬುದ್ಧಿ ಹೇಳಿದವಳು ತಾನು ಉತ್ತರ ಕೊಡದೆ ತಪ್ಪಿಸಿಕೊಳ್ಳಬಾರದು. ಈ ಸಂಚಿಕೆಯನ್ನು ಓದುವವರು ಒಂದೇ ಗೇಟಿನೊಳಗಿಂದ ಹೊರಟವರೂ ಅವರ ಮನೆಯವರೂ ಆಗಿರುವುದರಿಂದ, ಧೈರ್ಯವಾಗಿ ಬರೆಯುತ್ತೇನೆ. ನನಗೆ ಪ್ರಿಯವಾದ ತಿಂಡಿ, ಮಳೆಗಾಲದ ಸಂಜೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಪ್ರಿಯವಾದ ಬಣ್ಣ, ನನ್ನ ತಾಯಿಯವರ ಡಬ್ಬಿಯ ಹಕ್ಕಿಯ ನೀಲಿ. ನೆನಪಿನ ವಸ್ತು ಆ ಬಟ್ಟೆಯೇ. ಅದರ ಎರಡು ಅಕ್ಷರಗಳು ಮ ಮತ್ತು ಲೀ. ನಿಮ್ಮಲ್ಲಿ ಯಾರ ಅಜ್ಜಿಯವರಾದರೂ ಆ ಕಾಲದಲ್ಲಿ ಇಲ್ಲಿ ಓದಿ, ಆ ಅಕ್ಷರಗಳಿಂದ ಆರಂಭವಾಗುವ ಹೆಸರನ್ನು ಹೇಳುತ್ತಿದ್ದರೆ, ದಯಮಾಡಿ ಶಾಲೆಗೆ ತಿಳಿಸಿರಿ.

ಹೆಚ್ಚಿನವರಿಗೆ ತಿಳಿಯದ ಸಂಗತಿ ಇದು: ಮೂವತ್ತಾರು ವರ್ಷಗಳ ಕಾಲ ಪ್ರತಿ ಜೂನ್ ತಿಂಗಳಿನಲ್ಲಿ, ಮೊದಲನೆಯ ದಿನ ತರಗತಿಯ ಬಾಗಿಲಿನಲ್ಲಿ ನಿಂತಾಗ ನನ್ನ ಕೈಗಳು ನಡುಗುತ್ತಿದ್ದವು. ಅದು ಯಾರಿಗೂ ಕಾಣದಿರಲೆಂದೇ ನಾನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡು ಒಳಗೆ ಬರುತ್ತಿದ್ದೆನು. ನನಗೆ ಹೆದರುತ್ತಿದ್ದ ನೂರಾರು ಹುಡುಗಿಯರು ಇದನ್ನು ಈಗಲಾದರೂ ಓದಿ ಸ್ವಲ್ಪ ನಗಲಿ. ನೀವು ಕೇಳಿದ್ದರೆ ಅಂದೇ ಹೇಳುತ್ತಿದ್ದೆನೋ ಏನೋ.

ನಮ್ಮ ಶಾಲೆಯೂ ಅದರ ಮಕ್ಕಳೂ ಚಿರಕಾಲ ಸುಖವಾಗಿ ಬಾಳಲಿ.

ಇತಿ, ನಿಮ್ಮ ಹಳೆಯ ಸಹೋದರಿ ಮತ್ತು ಉಪಾಧ್ಯಾಯಿನಿ.